ಪದಗಳ ಬೇರು ಹುಡುಕಿದ ಕಿಟ್ಟೆಲ್



ನಾನು ನಿಮಗೆ ಕನ್ನಡ ಪಾಠ ಮಾಡುವವನು. ನನ್ನ ಮನೆಮಾತು ಉರ್ದು. ನಿಮ್ಮಲ್ಲಿ ಬಹಳ ಮಂದಿಯ ಮನೆಮಾತೂ ಅದೇ. ಹೀಗಾಗಿ ತರಗತಿಯಲ್ಲಿ ಪ್ರತಿ ವರ್ಷ ಒಂದು ಪ್ರಶ್ನೆ ಬಂದೇ ಬರುತ್ತದೆ. ಈ ಪದ ಕನ್ನಡದ್ದೋ ಉರ್ದುವಿನದೋ ಎಂದು ಒಬ್ಬರು ಕೇಳುತ್ತಾರೆ. ನಾವು ಆಡುವುದು ಶುದ್ಧ ಕನ್ನಡ ಹೌದೋ ಅಲ್ಲವೋ ಎಂದು ಇನ್ನೊಬ್ಬರು ಸ್ವಲ್ಪ ಅಳುಕಿನಿಂದ ಕೇಳುತ್ತಾರೆ. ಇಂಥ ಪ್ರಶ್ನೆಗಳಿಗೆ ಊಹೆಯಿಂದ ಉತ್ತರ ಹೇಳಬಾರದು, ಹುಡುಕಿ ಹೇಳಬೇಕು ಎಂದು ತೋರಿಸಿಕೊಟ್ಟ ಹಿರಿಯರೊಬ್ಬರಿದ್ದಾರೆ. ಅವರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್. ಈ ಸಲದ ವ್ಯಕ್ತಿ ಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದೇನೆ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ಉತ್ತರ ಸಮುದ್ರದ ದಂಡೆ ಅಲ್ಲಿಗೆ ಹತ್ತಿರ. ತಂದೆ ಚರ್ಚಿನ ಪಾದ್ರಿ. ಆ ಸೀಮೆಯ ಹಳ್ಳಿಗರ ಆಡುಮಾತು ಕೆಳ ಜರ್ಮನ್. ಶಾಲೆಯಲ್ಲಿ, ಪುಸ್ತಕದಲ್ಲಿ ಇದ್ದದ್ದು ಶಿಷ್ಟ ಜರ್ಮನ್. ನಾವು ಆಡುವಾಗ ಮನಿ, ಸಾಲಿ ಎನ್ನುತ್ತೇವೆ, ಬರೆಯುವಾಗ ಮನೆ, ಶಾಲೆ ಎಂದು ಬರೆಯುತ್ತೇವಲ್ಲ, ಅಲ್ಲಿಯೂ ಹಾಗೆಯೇ.

ಈ ಎರಡು ಜರ್ಮನ್‌ಗಳ ನಡುವಿನ ವ್ಯತ್ಯಾಸ ನೋಡಿ. ನೀರಿಗೆ ಕೆಳ ಜರ್ಮನ್‌ನಲ್ಲಿ ವಾಟರ್, ಶಿಷ್ಟ ಜರ್ಮನ್‌ನಲ್ಲಿ ವಾಸರ್. 'ಅದು' ಎಂಬುದಕ್ಕೆ ಅಲ್ಲಿ ದಾಟ್, ಇಲ್ಲಿ ದಾಸ್. 'ಏನು' ಎಂಬುದಕ್ಕೆ ಅಲ್ಲಿ ವಾಟ್, ಇಲ್ಲಿ ವಾಸ್. ಇಂಗ್ಲಿಷಿನ ವಾಟರ್, ದ್ಯಾಟ್, ವಾಟ್ ನಿಮಗೆ ಗೊತ್ತೇ ಇವೆ. ಒಂದು ಕಡೆ ಟಕಾರ ಇದ್ದಲ್ಲಿ ಇನ್ನೊಂದು ಕಡೆ ಸಕಾರ ಬಂದಿದೆ. ಒಂದು ಪದದಲ್ಲಿ ಹೀಗಾಗಿದ್ದರೆ ಯೋಗಾಯೋಗ ಎನ್ನಬಹುದಿತ್ತು. ಪದದ ಮೇಲೆ ಪದದಲ್ಲಿ ಹೀಗೆಯೇ ಆಗಿದೆ. ಆದ್ದರಿಂದ ಇವು ಒಂದೇ ಬೇರಿನಿಂದ ಬಂದ ಮಾತುಗಳು ಎಂದು ಧೈರ್ಯವಾಗಿ ಹೇಳಬಹುದು.

ಇಂಥ ನಿಯಮಗಳನ್ನು ಹುಡುಕುವ ಶಾಸ್ತ್ರ ಆ ಹೊತ್ತಿಗೆ ಜರ್ಮನಿಯಲ್ಲಿ ಬಲವಾಗಿ ಬೆಳೆದಿತ್ತು. ಮಕ್ಕಳ ಕಥೆಗಳಿಂದ ನಿಮಗೆ ಪರಿಚಯವಿರುವ ಗ್ರಿಮ್ ಸಹೋದರರಲ್ಲಿ ಹಿರಿಯ, ಯಾಕೋಬ್ ಗ್ರಿಮ್, 1822ರಲ್ಲಿಯೇ ಒಂದು ದೊಡ್ಡ ನಿಯಮ ವಿವರಿಸಿದ್ದರು. ಲ್ಯಾಟಿನ್ ಪದದ ಮೊದಲ ಪಕಾರ ಜರ್ಮನ್, ಇಂಗ್ಲಿಷ್‌ಗಳಲ್ಲಿ ಫಕಾರವಾಗುತ್ತದೆ. ಲ್ಯಾಟಿನ್ ಪಾತೆರ್, ಇಟಾಲಿಯನ್ ಪಾದ್ರೆ, ಇಂಗ್ಲಿಷ್ ಫಾದರ್, ಜರ್ಮನ್ ಫಾಟರ್. ಇಟಾಲಿಯನ್‌ನಲ್ಲಿ ಮೀನಿಗೆ ಪೆಶೆ, ಇಂಗ್ಲಿಷಿನಲ್ಲಿ ಫಿಶ್, ಜರ್ಮನ್‌ನಲ್ಲೂ ಫಿಶ್. ಪಾರಸಿಯಲ್ಲಿ ಪಕಾರ ಹಾಗೇ ಉಳಿದಿದೆ. ಉರ್ದು ಓದಿದವರಿಗೆ ಪಿದರ್ ಗೊತ್ತು.

ಶಾಲೆಯಲ್ಲಿ ಹಲವು ಭಾಷೆ ಕಲಿತ ಕಿಟ್ಟೆಲ್ 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋಗಿ ಬಾಸೆಲ್ ಮಿಷನ್ನಿನ ವಿದ್ಯಾಲಯ ಸೇರಿದರು. 1815ರಲ್ಲಿ ಶುರುವಾದ ಈ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ನಮ್ಮ ಪಕ್ಕದ ಧಾರವಾಡಕ್ಕೂ ಬಂದಿತ್ತು. 1853ರಲ್ಲಿ, 21ನೆಯ ವಯಸ್ಸಿನಲ್ಲಿ, ಕಿಟ್ಟೆಲ್ ಹುಬ್ಬಳ್ಳಿ, ಧಾರವಾಡ ಸೀಮೆಗೆ ಬಂದರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲೂ ಇದ್ದರು.

ಅವರು ಬಂದದ್ದು ತಮ್ಮ ಧರ್ಮದ ಪ್ರಚಾರಕ್ಕೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಈ ನಾಡಿನ ಆಚಾರಗಳ ಬಗ್ಗೆ ಅವರು ಬರೆದ ಕೆಲವು ಪುಸ್ತಕಗಳಲ್ಲಿ ವಾದದ ಧಾಟಿಯೂ ಇದೆ. ಆದರೆ ಜನರೊಡನೆ ಮಾತಾಡಬೇಕಾದರೆ ಜನರ ಮಾತು ಬರಬೇಕು ಎಂದು ಕನ್ನಡ ಕಲಿಯತೊಡಗಿದವರು, ಆ ಮಾತಿನ ಒಳಗೇ ಇಳಿದುಬಿಟ್ಟರು. ಹಳಗನ್ನಡ ಓದಿದರು, ಛಂದಸ್ಸು ಕಲಿತರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಎಂದು ಪ್ರಕಟಿಸಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಅಚ್ಚು ಮಾಡಿಸಿದರು. ತಾಳೆಗರಿಯಿಂದ ಅಚ್ಚಿನ ಮೊಳೆಗೆ ಈ ಗ್ರಂಥಗಳನ್ನು ತಂದ ಕೆಲಸ ಸಣ್ಣದಲ್ಲ.

ಮನೆಯ ಕಡೆ ಕಷ್ಟವಿತ್ತು. 1860ರಲ್ಲಿ ಮದುವೆಯಾದ ಹೆಂಡತಿ ಪಾಲಿನೆ 1864ರಲ್ಲಿಯೇ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಪಾಲಿನೆಯ ತಂಗಿ ಯೂಲಿಯೆಯನ್ನು ಮದುವೆಯಾದರು. ಮಿಷನ್ನಿನ ಹಿರಿಯರಿಗೂ ಇವರಿಗೂ ಹೊಂದಾಣಿಕೆ ಅಷ್ಟಕ್ಕಷ್ಟೇ ಇತ್ತು. ಪ್ರಚಾರಕ್ಕೆಂದು ಕಳುಹಿಸಿದ ಮನುಷ್ಯ ವ್ಯಾಕರಣ ಹಿಡಿದು ಕುಳಿತರೆ ಯಾವ ಸಂಸ್ಥೆಗಾದರೂ ಅನುಮಾನ ಬರುವುದು ಸಹಜ.

ಕನ್ನಡದಲ್ಲಿ ಮುಳುಗಿದ ಕಿಟ್ಟೆಲ್ ಅವರಿಗೆ ಗ್ರಿಮ್ಮನ ನಿಯಮದಂಥದ್ದೇ ಸಂಗತಿಗಳು ಇಲ್ಲಿಯೂ ಕಂಡವು. ಹಳಗನ್ನಡದ ಪಾಲ್, ಪುಲಿ, ಪೊಲ ಇಂದು ಹಾಲು, ಹುಲಿ, ಹೊಲ ಆಗಿವೆ. ತಮಿಳಿನಲ್ಲಿ ಇಂದಿಗೂ ಪಾಲ್, ಪುಲಿ. ಜರ್ಮನ್‌ನಲ್ಲಿ ಪಕಾರ ಫಕಾರವಾದಂತೆ ಕನ್ನಡದಲ್ಲಿ ಪಕಾರ ಹಕಾರವಾಗಿದೆ. ಇನ್ನೊಂದು ಉದಾಹರಣೆ ನೋಡಿ. ತಮಿಳಿನ ಪೆಯರ್ ಕನ್ನಡದಲ್ಲಿ ಪೆಸರ್, ಈಗ ಹೆಸರು. ಅವರ ಉಯಿರ್ ನಮ್ಮ ಉಸಿರು. ಅವರ ವಯಿರು ನಮ್ಮ ಬಸಿರು. ಸೂರ್ಯನಿಗೆ ಅವರು ಞಾಯಿರು ಎಂದರೆ ಹಳಗನ್ನಡದವರು ನೇಸರ್ ಎಂದರು. ಕಿವಿಗೆ ಞಾಯಿರುವಿಗೂ ನೇಸರಿಗೂ ಸಂಬಂಧವೇ ಕಾಣುವುದಿಲ್ಲ. ಆದರೆ ಯಕಾರ ಇದ್ದಲ್ಲೆಲ್ಲ ಸಕಾರ ಬಂದಿರುವುದನ್ನು ಸಾಲಾಗಿ ನೋಡಿದಾಗ ಅವು ಒಂದೇ ತಾಯಿಯ ಮಕ್ಕಳೆಂದು ತಿಳಿಯುತ್ತದೆ.

ನಮ್ಮ ಊರಿನ ಹೆಸರಿನಲ್ಲೂ ಆ ನೇಸರ ಕೇಳಿಸುತ್ತದೆ. ಹಾಗಾದರೆ ನೇಸರಗಿ ಎಂದರೆ ಸೂರ್ಯನ ಊರು ಎಂದು ಬರೆದುಬಿಡಬಹುದೇ? ಅವಸರ ಬೇಡ. ಕೇಳಿಸಿದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಹಳೆಯ ಶಾಸನದಲ್ಲಿ ಹೆಸರು ಯಾವ ರೂಪದಲ್ಲಿದೆ ಎಂದು ನೋಡದೆ ತೀರ್ಮಾನ ಹೇಳಬಾರದು.

ಇಲ್ಲಿಗೆ ಮುಖ್ಯ ವಿಷಯಕ್ಕೆ ಬಂದೆವು. ಒಂದೇ ರೀತಿ ಕಾಣುವ ಪದಗಳೆಲ್ಲ ಸಂಬಂಧಿಕರಲ್ಲ, ಸಂಬಂಧಿಕ ಪದಗಳೆಲ್ಲ ಒಂದೇ ರೀತಿ ಕಾಣುವುದಿಲ್ಲ. ಯುರೋಪಿನ ಭಾಷೆಗಳಿಂದ ಮೊದಲು ಕೆಲವು ಉದಾಹರಣೆ ಹೇಳುತ್ತೇನೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಕಿಟ್ಟೆಲ್ ಅವರ ನಿಘಂಟು ಅಚ್ಚಾದ ಮಂಗಳೂರಿನಲ್ಲಿಯೇ ಆಗ ಒಂದು ಕಡೆ ಬಾಸೆಲ್ ಮಿಷನ್ನಿನ ಜರ್ಮನ್ ಮಾತಿನವರು, ಇನ್ನೊಂದು ಕಡೆ ಇಟಲಿಯಿಂದ ಬಂದ ಜೆಸ್ವಿಟ್ ಪಾದ್ರಿಗಳು ಇದ್ದರು. ಜೆಸ್ವಿಟರು ಅಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು.

ಇಟಾಲಿಯನ್‌ನಲ್ಲಿ ಕಾಲ್ದೋ ಎಂದರೆ ಬಿಸಿ. ಜರ್ಮನ್‌ನಲ್ಲಿ ಕಾಲ್ಟ್ ಎಂದರೆ ತಣ್ಣಗೆ. ಒಂದೇ ಪದ ಅರ್ಥ ತಿರುಗಿಸಿಕೊಂಡಿದೆ ಎಂದು ಅನ್ನಿಸುತ್ತದೆ. ಇಲ್ಲ, ಬೇರೇ ಬೇರೆ. ಕಾಲ್ಟ್ ಪದದ ನಿಜವಾದ ಸಂಬಂಧಿ ಇಟಾಲಿಯನ್‌ನ ಜೇಲೋ, ಅಂದರೆ ಹಿಮ, ಚಳಿ. ಜೆಲಾಟೋ ಎಂಬ ಐಸ್‌ಕ್ರೀಮಿನ ಹೆಸರು ಅದೇ ಬಳ್ಳಿಯದು. ಇನ್ನೂ ಮೋಸದ್ದು ಒಂದಿದೆ. ಲ್ಯಾಟಿನ್ ಹಾಬೇರೆ, ಜರ್ಮನ್ ಹಾಬೆನ್. ಎರಡಕ್ಕೂ 'ಹೊಂದಿರು' ಎಂದೇ ಅರ್ಥ. ರೂಪವೂ ಒಂದೇ, ಅರ್ಥವೂ ಒಂದೇ. ಆದರೂ ಇವು ಸಂಬಂಧಿಕರಲ್ಲ. ಗ್ರಿಮ್ಮನ ನಿಯಮದ ಪ್ರಕಾರ ಜರ್ಮನ್ನಿನ ಹಕಾರಕ್ಕೆ ಲ್ಯಾಟಿನ್‌ನಲ್ಲಿ ಕಕಾರ ಇರಬೇಕು. ಆದ್ದರಿಂದ ಹಾಬೆನ್‌ನ ಬಂಧು ಕಾಪೆರೆ, ಅಂದರೆ 'ಹಿಡಿ' ಎಂಬ ಪದ.

ಈಗ ಸಣ್ಣ ಪದಗಳಿಗೆ ಬರೋಣ. ಇಂಗ್ಲಿಷಿನ 'ದಿ' ಎಂಬ ಆರ್ಟಿಕಲ್ ನಿಮಗೆ ಪರೀಕ್ಷೆಯಲ್ಲಿ ಕಾಟ ಕೊಡುವ ಪದ. ಜರ್ಮನ್‌ನಲ್ಲಿ ಅದರ ಜಾಗದಲ್ಲಿ ಲಿಂಗಕ್ಕೆ ತಕ್ಕಂತೆ ದೇರ್, ದೀ, ದಾಸ್ ಎಂದು ಮೂರಿವೆ. ಈ ದೀ ಬರೆದಾಗ ಇಂಗ್ಲಿಷಿನ 'ಸಾಯು' ಎಂಬ ಡೈ ಪದದಂತೆಯೇ ಕಾಣುತ್ತದೆ. ಪಾಪ, ಅದಕ್ಕೂ ಸಾವಿಗೂ ಸಂಬಂಧವಿಲ್ಲ. ಇಟಾಲಿಯನ್‌ನಲ್ಲಿ ಆರ್ಟಿಕಲ್‌ಗಳು ಇಲ್, ಲೋ, ಲಾ, ಈ, ಲ್ಯೀ, ಲೇ. ಇವುಗಳಲ್ಲಿ ಲೋ ಎಂದರೆ 'ಅವನನ್ನು', ಲಾ ಎಂದರೆ 'ಅವಳನ್ನು' ಎಂಬ ಸರ್ವನಾಮವೂ ಹೌದು. ಕಾರಣ, ಲ್ಯಾಟಿನ್‌ನ 'ಆ' ಎಂಬ ಅರ್ಥದ ಇಲ್ಲೆ ಪದವೇ ಸವೆದು ಒಂದು ಕಡೆ ಆರ್ಟಿಕಲ್ ಆಯಿತು, ಇನ್ನೊಂದು ಕಡೆ ಸರ್ವನಾಮ ಆಯಿತು. ಇಂಗ್ಲಿಷಿನ 'ದಿ' ಕೂಡ 'ದ್ಯಾಟ್' ಮನೆತನದ್ದೇ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದರೆ 'ಆ' ಎಂಬ ಒಂದೇ ಅಕ್ಷರದಿಂದ ಅವನು, ಅವಳು, ಅದು, ಅವು ಎಲ್ಲ ಹುಟ್ಟಿವೆ. ಕೈ ಮಾಡಿ ತೋರಿಸುವ ಪದದಿಂದಲೇ ಸರ್ವನಾಮ ಹುಟ್ಟುವುದು ಇಲ್ಲಿಯೂ ಹಾಗೆಯೇ, ಅಲ್ಲಿಯೂ ಹಾಗೆಯೇ.

ಇಟಾಲಿಯನ್‌ನಲ್ಲಿ ಹಿರಿಯರನ್ನು ಗೌರವದಿಂದ ಮಾತಾಡಿಸುವ 'ತಾವು' ಎಂಬ ಪದ ಲೇಯ್. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಿರಿಯರಿಗೆ ಲೇ ಎಂದು ನೋಡಿ, ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಇಟಾಲಿಯನ್‌ನಲ್ಲಿ ನಾವು ಎಂಬುದಕ್ಕೆ ನೋಯ್, ಒಂದು ಎಂಬುದಕ್ಕೆ ಊನೋ. ನಾವು, ಒಂದು ಎಂಬ ನಮ್ಮ ಪದಗಳಿಗೆ ಬಹಳ ಹತ್ತಿರ ಕೇಳಿಸುತ್ತವೆ. ಎರಡೂ ಬರಿಯ ಹೋಲಿಕೆ. ಅರಬ್ಬಿಯಲ್ಲಿ ನಾನು ಎಂಬುದಕ್ಕೆ ಅನ, ಹಳಗನ್ನಡದಲ್ಲಿ ಆನ್. ಇದೂ ಬರಿಯ ಹೋಲಿಕೆ. ಆದರೆ ಉರ್ದುವಿನ ತೂ, ಪಾರಸಿಯ ತೋ, ಇಟಾಲಿಯನ್ನಿನ ತೂ, ಜರ್ಮನ್ನಿನ ದೂ, ಇವು ನಿಜವಾದ ಒಡಹುಟ್ಟುಗಳು. ಪಾರಸಿಯ ಬಿರಾದರ್, ಜರ್ಮನ್ನಿನ ಬ್ರೂಡರ್, ಇಂಗ್ಲಿಷಿನ ಬ್ರದರ್ ಕೂಡ ಹಾಗೆಯೇ. ಇದನ್ನು ಕೇಳಿ ಉಬ್ಬಿ, ಬದನಾಮಿ, ಬದ್‌ಮಾಶ್ ಎಂಬಲ್ಲಿನ ಪಾರಸಿ ಬದ್ ಪದವೂ ಇಂಗ್ಲಿಷಿನ ಬ್ಯಾಡ್ ಪದವೂ ಒಂದೇ ಎಂದುಬಿಡಬೇಡಿ. ಅರ್ಥ ಒಂದೇ ನಿಜ. ಆದರೆ ಪಾರಸಿ ಪದದ ಹಳೆಯ ರೂಪ ವದ್ ಎಂದು ವಕಾರದಿಂದ ಶುರುವಾಗುತ್ತಿತ್ತು. ಹಿಂದಕ್ಕೆ ಹೋದಂತೆ ಒಡಹುಟ್ಟಿದ ಪದಗಳು ಹತ್ತಿರ ಬರಬೇಕು. ಇವು ದೂರ ಸರಿಯುತ್ತವೆ.

ಸರ್ವನಾಮಗಳ ಬಗ್ಗೆ ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ವಸ್ತುಗಳ ಹೆಸರುಗಳು ವ್ಯಾಪಾರಿಯ ಮೂಟೆಯಲ್ಲಿ, ಸರಕಾರಿ ಕಾಗದದಲ್ಲಿ ಊರೂರು ತಿರುಗುತ್ತವೆ. ನಾನು, ನೀನು, ಅವನು ಎಂಬವು ಮನೆ ಬಿಟ್ಟು ಹೋಗುವುದು ಅಪರೂಪ. ಇಂಗ್ಲಿಷಿನವರು ದೇ, ದೆಮ್ ಎಂಬ ಪದಗಳನ್ನು ನೆರೆಯ ಸ್ಕ್ಯಾಂಡಿನೇವಿಯದವರಿಂದ ಪಡೆದದ್ದು ಅಂಥ ಒಂದು ಅಪರೂಪ. ಆದ್ದರಿಂದ ಭಾಷೆಗಳ ನೆಂಟಸ್ತಿಕೆ ನೋಡುವವರು ಮೊದಲು ಸರ್ವನಾಮ ನೋಡುತ್ತಾರೆ. ಕನ್ನಡದ ನಾನು, ನೀನು. ತಮಿಳಿನ ನಾನ್, ನೀ. ತೆಲುಗಿನ ನೇನು, ನೀವು. ಇವನ್ನು ಒಟ್ಟಿಗೆ ಇಟ್ಟರೆ ಹೆಚ್ಚು ವಾದ ಬೇಕಾಗುವುದಿಲ್ಲ. ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದಾಗ ಸರ್ವನಾಮಗಳಿಗೆ ದೊಡ್ಡ ಅಧ್ಯಾಯವನ್ನೇ ಕೊಟ್ಟಿದ್ದರು.

ಕಿಟ್ಟೆಲ್ ಈ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಕನ್ನಡದಲ್ಲೂ ಸಂಸ್ಕೃತದಲ್ಲೂ ಇರುವ ಪದ ಕಂಡರೆ ಅದು ಸಂಸ್ಕೃತದಿಂದಲೇ ಬಂದದ್ದು ಎಂದು ಆಗಿನವರು ತಿಳಿಯುತ್ತಿದ್ದರು. ಕೊಡುವವರು ಯಾವಾಗಲೂ ಅವರೇ ಏಕೆ ಆಗಿರಬೇಕು ಎಂದು ಕಿಟ್ಟೆಲ್ ಕೇಳಿದರು. 1872ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಮುಂದೆ ನಿಘಂಟಿನ ಪೀಠಿಕೆಯಲ್ಲಿ, ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ನಾನೂರಕ್ಕೂ ಹೆಚ್ಚು ಪದಗಳ ಪಟ್ಟಿ ಕೊಟ್ಟರು. ಅದರಲ್ಲಿ ಹಲವನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ನೀರ, ಮೀನದಂಥ ಪದಗಳು ದ್ರಾವಿಡ ಮೂಲದವು ಎಂಬುದನ್ನು ಬರೋನಂಥ ದೊಡ್ಡ ಸಂಸ್ಕೃತ ಪಂಡಿತರು ಒಪ್ಪಿದರು.

ನಿಘಂಟಿನ ಕೆಲಸ ಬಹಳ ವರ್ಷ ಹಿಡಿಯಿತು. 1877ರಲ್ಲಿ ಜರ್ಮನಿಗೆ ಮರಳಿದ್ದ ಕಿಟ್ಟೆಲ್, ಅಲ್ಲಿ ಕುಳಿತು ಕನ್ನಡ ನಿಘಂಟು ಮುಗಿಯದು ಎಂದು 1883ರಲ್ಲಿ ಮತ್ತೆ ಬಂದರು. ಸ್ಥಳೀಯ ಪಂಡಿತರ ಜತೆ ಕುಳಿತು ಕಾವ್ಯ, ಶಾಸ್ತ್ರ, ಗಾದೆ, ಸಂತೆಯ ಮಾತು ಎಲ್ಲ ಸೋಸಿದರು. 1892ರಲ್ಲಿ ತಿರುಗಿ ಹೋದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಪುಟಗಳು 1,752, ಪದಗಳು ಸುಮಾರು 70,000. ಕಂಪ್ಯೂಟರ್ ಇಲ್ಲ, ಟೈಪ್‌ರೈಟರಿನಲ್ಲಿ ಕನ್ನಡ ಇಲ್ಲ. ಎಲ್ಲ ಕೈಬರಹ.

ಆ ನಿಘಂಟನ್ನು ಕೈಯಲ್ಲಿ ಹಿಡಿದು ನೋಡಿದರೆ ಪದದ ಪಕ್ಕದಲ್ಲಿ ಸಣ್ಣ ಗುರುತುಗಳು ಕಾಣುತ್ತವೆ. ಇದು ಸಂಸ್ಕೃತದ್ದು, ಇದು ತದ್ಭವ, ಇದು ಮರಾಠಿಯಿಂದ ಬಂದದ್ದು, ಇದು ಹಿಂದುಸ್ತಾನಿಯಿಂದ ಬಂದದ್ದು ಎಂದು ಅವು ಹೇಳುತ್ತವೆ. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ಬಂಧುಗಳು ಯಾವುವು ಎಂದೂ ಕೊಟ್ಟಿದ್ದಾರೆ. ಆಗ ದಕ್ಷಿಣ ಮರಾಠಾ ಸೀಮೆ ಎನ್ನಿಸಿಕೊಂಡಿದ್ದ ಬೆಳಗಾವಿ, ಧಾರವಾಡ ಕಡೆಯ ಮಾತುಗಳಿಗೂ ಬೇರೆ ಗುರುತಿದೆ. ರೂಪ ಒಂದೇ ಆಗಿ ಬೇರು ಬೇರೆಯಾದ ಪದಗಳನ್ನು ಒಂದೇ ಕಡೆ ಕಲಸದೆ, ಬೇರೆ ಬೇರೆ ಅಂಕಿ ಕೊಟ್ಟು ಬಿಡಿಸಿಟ್ಟಿದ್ದಾರೆ.

ಈ ಬಿಡಿಸುವ ಕೆಲಸ ಎಷ್ಟು ಅಗತ್ಯ ಎಂಬುದಕ್ಕೆ ನಮ್ಮ ನಿತ್ಯದ ಮಾತೇ ಸಾಕು. ಪರೀಕ್ಷೆಯ ಹಾಲ್ ಇಂಗ್ಲಿಷಿನದು. ಪರೀಕ್ಷೆ ಬರೆದು ಬಂದ ಮೇಲೆ ಗೆಳೆಯ ಕೇಳುವ ಕ್ಯಾ ಹಾಲ್ ಎಂಬಲ್ಲಿನ ಹಾಲ್ ಅರಬ್ಬಿಯದು. ಮನೆಯಲ್ಲಿ ಅಮ್ಮ ಕಾಸಿಟ್ಟ ಹಾಲು ಪಾಲ್ ಎಂಬ ದ್ರಾವಿಡ ಪದ. ಕನ್ನಡದ ಸಾಲ ತೀರಿಸಬೇಕಾದದ್ದು, ಉರ್ದುವಿನ ಸಾಲ್ ಹನ್ನೆರಡು ತಿಂಗಳದ್ದು. ಬಂದ ಎಂಬುದು ನಮ್ಮ ಕ್ರಿಯಾಪದ, ಬಂದ್ ಎಂಬುದು ಪಾರಸಿ. ಎಲ್ಲವನ್ನೂ ನಾವು ಒಂದೇ ಬಾಯಲ್ಲಿ ಆಡುತ್ತೇವೆ, ಒಮ್ಮೆಯೂ ತಪ್ಪುವುದಿಲ್ಲ.

ಈಗ ನಿಮ್ಮ ಅಳುಕಿನ ಪ್ರಶ್ನೆಗೆ ಬರುತ್ತೇನೆ. ರೈತ ಜಮೀನಿನ ಕಾಗದ ತಗೊಂಡು ಕಚೇರಿಗೆ ಹೋಗಿ ಅರ್ಜಿ ಕೊಟ್ಟ ಎಂಬ ಮಾತನ್ನು ತೆಗೆದುಕೊಳ್ಳಿ. ರೈತ, ಅರ್ಜಿ ಅರಬ್ಬಿ ಮೂಲದವು. ಜಮೀನು, ಕಾಗದ ಪಾರಸಿ ಮೂಲದವು. ಕಚೇರಿ ಹಿಂದುಸ್ತಾನಿಯಿಂದ ಬಂದದ್ದು. ನಾಮಪದ ಒಂದೂ ಕನ್ನಡ ಮೂಲದ್ದಲ್ಲ. ಹಾಗಾದರೆ ಈ ವಾಕ್ಯ ಯಾವ ಭಾಷೆಯದು? ಕನ್ನಡದ್ದೇ. ಇನ, ಗೆ ಎಂಬ ಪ್ರತ್ಯಯಗಳು, ಹೋಗಿ, ಕೊಟ್ಟ ಎಂಬ ಕ್ರಿಯೆಗಳು ಕನ್ನಡದವು. ರೈತನನ್ನು ಮುಂದಿನ ವಾಕ್ಯದಲ್ಲಿ ಅವನು ಎಂದೇ ಕರೆಯುತ್ತೇವೆ, ಆ ಸರ್ವನಾಮವೂ ಕನ್ನಡದ್ದು. ಎಲ್ಲಿಂದಲೋ ಬಂದ ನಾಮಪದಗಳು ಈ ಮನೆಯ ಕಟ್ಟಳೆಗೆ ಹೊಂದಿಕೊಂಡು ಕುಳಿತಿವೆ. ಕಿಟ್ಟೆಲ್ ಅಂಥ ಪದಗಳಿಗೆ ಹಿಂದುಸ್ತಾನಿ ಎಂದು ಗುರುತು ಹಾಕಿದರು, ಆದರೆ ನಿಘಂಟಿನಿಂದ ಹೊರಗೆ ಹಾಕಲಿಲ್ಲ. ಎಲ್ಲಿಂದ ಬಂದೆ ಎಂದು ಕೇಳುವುದು ಬೇರೆ, ಹೊರಗೆ ಹೋಗು ಎನ್ನುವುದು ಬೇರೆ. ನಮ್ಮ ಗಡಿ ಜಿಲ್ಲೆಯಲ್ಲಿ ಈ ವ್ಯತ್ಯಾಸ ತಿಳಿದಿರುವುದು ಬಹಳ ಮುಖ್ಯ. ಕನ್ನಡ, ಮರಾಠಿ, ಉರ್ದು ಮಾತಿನವರು ಒಂದೇ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವ ಊರುಗಳು ನಮ್ಮವು.

ಕಿಟ್ಟೆಲ್ ಅವರಿಗೆ 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕಣ್ಣು, ದೇಹ ದಣಿದಿದ್ದರೂ ಕೆಲಸ ನಿಲ್ಲಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಮದ್ರಾಸ್ ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ಆ ನಿಘಂಟನ್ನು ಮತ್ತೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಇಂದಿಗೂ ಹಳೆಯ ಪದಕ್ಕೆ ಅರ್ಥ ಬೇಕಾದರೆ ಕನ್ನಡ ಅಧ್ಯಾಪಕರು ಮೊದಲು ತೆರೆಯುವುದು ಕಿಟ್ಟೆಲ್ ನಿಘಂಟನ್ನೇ.

ವಿದ್ಯಾರ್ಥಿಗಳೇ, ಯಾವ ಪದದ ಬಗ್ಗೆಯಾದರೂ ಮೂರು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಇದರ ಹಳೆಯ ರೂಪ ಯಾವುದು? ನೆರೆಯ ಭಾಷೆಗಳಲ್ಲಿ ಇದರ ಬಂಧುಗಳಿವೆಯೇ? ಇಲ್ಲಿ ಕಂಡ ಧ್ವನಿ ಬದಲಾವಣೆ ಬೇರೆ ಪದಗಳಲ್ಲೂ ಕಾಣುತ್ತದೆಯೇ? ಮೂರಕ್ಕೂ ಉತ್ತರ ಸಿಗುವ ತನಕ ಹೋಲಿಕೆಯನ್ನು ಹೋಲಿಕೆ ಎಂದಷ್ಟೇ ಕರೆಯಿರಿ.

ನಿಮಗೊಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ಅಜ್ಜ, ದಾದಿ, ನಾನಿ ಯಾರೇ ಇರಲಿ, ಅವರು ಆಡುವ ಮಾತಿನಿಂದ ಐದು ಪದ ಆರಿಸಿಕೊಳ್ಳಿ. ಹೊಲದ್ದಾಗಲಿ, ಅಡುಗೆಯದಾಗಲಿ, ನಮಾಜಿನದಾಗಲಿ, ಹಬ್ಬದ್ದಾಗಲಿ. ಅದರ ಬೇರು ಹುಡುಕಿ ಬರೆದು ಮುಂದಿನ ಸಂಚಿಕೆಗೆ ಕೊಡಿ. ಕನ್ನಡ ವಿಭಾಗದಲ್ಲಿ ನಾನಿರುತ್ತೇನೆ, ಒಟ್ಟಿಗೆ ಕುಳಿತು ನೋಡೋಣ.